ಹಳೆಯ ಪವರ್ ಟಿಲ್ಲರ್‌ಗೆ ಕಡಿಮೆ ದರದ ಬಿಡಿಭಾಗ ಎಲ್ಲಿ ಸಿಗುತ್ತದೆ? ಅನುಭವ ಇದ್ದವರು ಹೇಳಿ

ಖಾನಾಪುರದ ಗದ್ದೆಯವನು
ತಂದೆಯವರು 2003ರಲ್ಲಿ ತಂದ 13 ಅಶ್ವಶಕ್ತಿಯ ಡೀಸೆಲ್ ಟಿಲ್ಲರ್ ನಮ್ಮದು. ಎಂಜಿನ್‌ಗೆ ಏನೂ ಆಗಿಲ್ಲ. ಹಿಂದೆ ಮಣ್ಣು ಅಗೆಯುವ ರೋಟರಿಯ ಚೈನ್ ಪೆಟ್ಟಿಗೆಯಿಂದ ಎಣ್ಣೆ ಸೋರುತ್ತಿದೆ, ಒಳಗಿನ ಗೇರ್ ಸವೆದಿದೆ, ಬ್ಲೇಡುಗಳು ಬೆರಳುದ್ದ ಉಳಿದಿವೆ. ಯಂತ್ರ ಮಾರಿದ ಅಂಗಡಿ ಮುಚ್ಚಿಹೋಗಿದೆ. ಇನ್ನೊಂದು ಕಡೆ ಕೇಳಿದರೆ ಎಲ್ಲ ಸೇರಿ ₹14,000 ಎಂದರು. ರೋಹಿಣಿ ಮಳೆಯ ಹೊತ್ತಿಗೆ ಗದ್ದೆಗೆ ಇಳಿಸಬೇಕು. ಎಲ್ಲಿ ಹುಡುಕಲಿ?

ಜಮಖಂಡಿ ಕಬ್ಬಿನವನು
ತಮ್ಮಾ, ಮೊಬೈಲಿನಲ್ಲಿ ಅಗ್ಗ ಕಂಡಿತೆಂದು ಬ್ಲೇಡು ತರಿಸಬೇಡ. ನನ್ನ ಲೆಕ್ಕ ಕೇಳು. ಊರಿನ ಅಂಗಡಿಯವನು 16 ಬ್ಲೇಡಿನ ಸೆಟ್ಟಿಗೆ ₹2,900 ಎಂದ. ದುಬಾರಿ ಎಂದು ಎದ್ದು ಬಂದೆ. ಆನ್‌ಲೈನಿನಲ್ಲಿ ಒಂದಕ್ಕೆ ₹95, ಹದಿನಾರಕ್ಕೆ ₹1,520. ಗೆದ್ದೆ ಎಂದುಕೊಂಡೆ. ಹನ್ನೊಂದು ದಿನ ಕಾಯಿಸಿ ಬಂದ ಪೆಟ್ಟಿಗೆ ಬಿಚ್ಚಿ ಅಂಗಳದಲ್ಲಿ ಸಾಲಾಗಿ ಹರಡಿದರೆ ಹದಿನಾರಕ್ಕೆ ಹದಿನಾರೂ ಒಂದೇ ಕಡೆ ಬಾಗಿವೆ. ಎಲ್ಲವೂ ಎಡಗಡೆಯವು! ಬೇಕಿದ್ದದ್ದು ಎಡಕ್ಕೆ ಎಂಟು, ಬಲಕ್ಕೆ ಎಂಟು. ಮಾರಿದವನಿಗೆ ಫೋನ್ ಮಾಡಿದರೆ "ಚಿತ್ರದಲ್ಲಿ ಇದ್ದದ್ದನ್ನೇ ಕಳಿಸಿದ್ದೇವೆ" ಎಂದ. ಚಿತ್ರ ತೆಗೆದು ನೋಡಿದೆ. ಅವನ ಮಾತು ನಿಜ, ಅದರಲ್ಲಿ ಇದ್ದದ್ದು ಒಂದೇ ಬ್ಲೇಡು.

ಆಮೇಲೆ ಕೊಲ್ಹಾಪುರಕ್ಕೆ ಹೋದೆ. ಬಸ್ಸಿಗೆ ಹೋಗಿ ಬರಲು ₹400, ಊಟ ಚಹಾ ₹120, ಬಲಗಡೆಯ ಎಂಟು ಬ್ಲೇಡಿಗೆ ₹130ರಂತೆ ₹1,040. ಒಟ್ಟು ₹3,080. ಊರಿನವನಿಗಿಂತ ₹180 ಹೆಚ್ಚು, ಒಂದು ದಿನದ ಕೆಲಸವೂ ಕೆಟ್ಟಿತು. ಈಗಲೂ ಆ ಅಂಗಡಿಯ ಮುಂದೆ ಹೋಗುವಾಗ ಬೈಕಿನ ವೇಗ ಹೆಚ್ಚಿಸುತ್ತೇನೆ.

ಉದ್ಯಮಬಾಗ ನಿವೃತ್ತ
31 ವರ್ಷ ಲೇತ್ (ಕಬ್ಬಿಣ ಕಡೆಯುವ ಯಂತ್ರ) ಮೇಲೆ ನಿಂತವನು ನಾನು. ನೀವೆಲ್ಲ ಟಿಲ್ಲರ್ ಅಂಗಡಿಗೆ ಹೋಗಿ ಟಿಲ್ಲರ್ ಬೇರಿಂಗ್ ಕೇಳುತ್ತೀರಿ, ಅವನು ಟಿಲ್ಲರ್ ದರ ಹೇಳುತ್ತಾನೆ. ಬೇರಿಂಗಿಗೆ ಜಾತಿ ಇಲ್ಲ. ಅಂಚಿನ ಮೇಲೆ 6206 ಎಂದಿದ್ದರೆ ಒಳಗೆ 30, ಹೊರಗೆ 62, ದಪ್ಪ 16 ಮಿಲಿಮೀಟರ್. ಟಿಲ್ಲರಿನಲ್ಲಿದ್ದರೂ ಅಷ್ಟೇ, ಹಿಟ್ಟಿನ ಗಿರಣಿಯಲ್ಲಿದ್ದರೂ ಅಷ್ಟೇ. ಎಣ್ಣೆ ಸೀಲಿನ ಮೇಲೂ 35-52-7 ಎಂಬಂತೆ ಮೂರು ಸಂಖ್ಯೆ ಇರುತ್ತವೆ: ಶಾಫ್ಟಿನ ವ್ಯಾಸ, ಸೀಲು ಕೂರುವ ಮನೆಯ ವ್ಯಾಸ, ಸೀಲಿನ ಅಗಲ. ಅಳಿಸಿಹೋಗಿದ್ದರೆ ವರ್ನಿಯರ್ ಅಳತೆಪಟ್ಟಿ ಹಿಡಿಯಿರಿ. ಬೆಲ್ಟಿಗೆ ಇಂಚಿನ ಸಂಖ್ಯೆ ಇರುತ್ತದೆ, ಒಂದು ಹರಿದರೂ ಸೆಟ್ಟು ಪೂರ್ತಿ ಬದಲಿಸಿ. ಇದಿಷ್ಟನ್ನು ಬೇರಿಂಗ್ ಅಂಗಡಿಯಲ್ಲೇ ಕೊಂಡರೆ ಕಂಪನಿಯ ಡಬ್ಬಿಗೆ ಕೊಡುವ ಹಣ ಉಳಿಯುತ್ತದೆ.

ಗೇರಿಗೆ ಬೆಳಗಾವಿ ಬಿಟ್ಟು ಎಲ್ಲಿಗೂ ಹೋಗಬೇಕಿಲ್ಲ. ಸವೆದದ್ದನ್ನು ಇಲ್ಲಿಗೆ ತನ್ನಿ, ಹಲ್ಲು ಎಣಿಸಿ ಹೊಸದು ಕೊರೆದು ಕೊಡುತ್ತಾರೆ. 1998ರಲ್ಲಿ ನಾನು ಮಾಡಿದ ಗೇರ್ ಹಾಕಿದ ಯಂತ್ರ ಬೈಲಹೊಂಗಲ ಕಡೆ ಈಗಲೂ ಓಡುತ್ತಿದೆ.

ಇಂಡಿ ನಿಂಬೆ ತೋಟ
ಕೊರೆದು ಕೊಡುತ್ತಾರೆ, ನಿಜ. ನನಗೂ ಕೊರೆದು ಕೊಟ್ಟರು, ನಿಮ್ಮದೇ ಊರಿನಲ್ಲಿ, ₹3,800ಕ್ಕೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಸುಮಾರು 40 ಗಂಟೆ ಓಡಿತು. ಆಮೇಲೆ ಪೆಟ್ಟಿಗೆಯೊಳಗೆ ಕಲ್ಲು ಅಗಿದ ಸದ್ದು. ಬಿಚ್ಚಿದರೆ ಹಲ್ಲುಗಳು ಗರಗಸದಂತೆ ಚೂಪಾಗಿವೆ, ಎಣ್ಣೆಯಲ್ಲಿ ಬೆಳ್ಳಿಯ ಪುಡಿ ಕಲಸಿದಂತೆ ಕಬ್ಬಿಣ. ಆ ಪುಡಿ ಎರಡು ಬೇರಿಂಗುಗಳನ್ನೂ ತಿಂದಿತ್ತು. ನಮ್ಮದು ಎರೆ ಭೂಮಿ, ಹಸಿಯಿದ್ದಾಗ ಬ್ಲೇಡನ್ನು ಬಿಡುವುದಿಲ್ಲ, ಒಣಗಿದರೆ ಬಂಡೆ. ಅಂಥಲ್ಲಿ ಮೇಣದ ಗೇರ್ ಹಾಕಿದಂತಾಯಿತು.

ಈಗ ನನ್ನ ದಾರಿ ಬೇರೆ. ಮಿರಜದ ಹತ್ತಿರ ಗುಜರಿಗೆ ಹೊರಟಿದ್ದ ಅದೇ ಮಾದರಿಯ ಇಡೀ ಟಿಲ್ಲರನ್ನು ₹22,000ಕ್ಕೆ ತಂದೆ. ಗೇರ್, ಚೈನ್, ಕ್ಲಚ್ ಎಲ್ಲ ಅದರಿಂದಲೇ. ಒಂದು ಓಡುವುದಿಲ್ಲ, ಇನ್ನೊಂದು ಓಡಲಾರದು ಎಂದು ಮನೆಯವರು ನಗುತ್ತಾರೆ. ನಗಲಿ.

ಉದ್ಯಮಬಾಗ ನಿವೃತ್ತ
ನಿಮಗೆ ಇಎನ್ 8 ಎಂಬ ದರ್ಜೆಯ ಉಕ್ಕಿನಲ್ಲಿ ಮಾಡಿ, ಗಟ್ಟಿ ಮಾಡದೆ ಹಾಗೆಯೇ ಕೊಟ್ಟಿದ್ದಾರೆ. ಈ ಗೇರಿಗೆ ಇಎನ್ 353 ಥರದ ಉಕ್ಕು ಬೇಕು, ಕೊರೆದ ಮೇಲೆ ಕೇಸ್ ಹಾರ್ಡನಿಂಗ್, ಅಂದರೆ ಕಾಯಿಸಿ ಮೇಲ್ಪದರ ಗಟ್ಟಿ ಮಾಡುವ ಕೆಲಸ ಆಗಬೇಕು. ಆಗ ಮೇಲ್ಮೈ ಗಟ್ಟಿ, ಒಳಗೆ ತಾಳಿಕೆ. ನೀವು ಹಾರ್ಡನಿಂಗ್‌ಗೆ ಹಣ ಕೊಟ್ಟಿದ್ದಿರಾ? ₹3,800ರಲ್ಲಿ ಅದೂ ಬರಬೇಕೆಂದರೆ ಹೇಗೆ? ಊರಿನ ಹೆಸರು ಕೆಡಿಸುವ ಮೊದಲು ರಸೀದಿ ನೋಡಿಕೊಳ್ಳಿ.

ಇಂಡಿ ನಿಂಬೆ ತೋಟ
ಯಜಮಾನರೇ, ನಾನು ಕೇಳಿದ್ದು ಗೇರ್. ಹೋಟೆಲಿನಲ್ಲಿ ರೊಟ್ಟಿ ಕೇಳುವವನು "ಬೇಯಿಸಿ ಕೊಡಿ" ಎಂದು ಬೇರೆ ಹೇಳಬೇಕೇ?

ಅಥಣಿ ಎತ್ತಿನವನು
ಎಲ್ಲರೂ ಸೇರಿ ಲಕ್ಷಗಟ್ಟಲೆ ಕಬ್ಬಿಣಕ್ಕೆ ಸುರಿದಿದ್ದೀರಿ. ನಾನು ಮೂರು ವರ್ಷದ ಹಿಂದೆ ಟಿಲ್ಲರ್ ಮಾರಿ ಜೋಡೆತ್ತು ಕಟ್ಟಿದೆ. ಎತ್ತಿಗೆ ಸೀಲ್ ಸೋರುವುದಿಲ್ಲ.

ಜಮಖಂಡಿ ಕಬ್ಬಿನವನು
ಟಿಲ್ಲರ್ ಬೇಸಿಗೆಯಲ್ಲಿ ಮೂಲೆಯಲ್ಲಿ ನಿಂತರೆ ಡೀಸೆಲ್ ಕೇಳುವುದಿಲ್ಲ ಕಾಕಾ. ಎತ್ತು ಕೆಲಸ ಇಲ್ಲದಾಗಲೂ ಮೇವು ಕೇಳುತ್ತದೆ. ಕಣಿಕೆಯ (ಒಣ ಜೋಳದ ದಂಟಿನ) ದರ ಬರೆಯಿರಿ ನೋಡೋಣ.

ಅಥಣಿ ಎತ್ತಿನವನು
ಕಣಿಕೆ ನಮ್ಮ ಹೊಲದ್ದು. ನಿನ್ನ ಬ್ಲೇಡು ನಿನ್ನ ಹೊಲದಲ್ಲಿ ಬೆಳೆಯುತ್ತದೆಯೇ?

ಉದ್ಯಮಬಾಗ ನಿವೃತ್ತ
ಎತ್ತು ಎಂದಿರಲ್ಲ, ಎತ್ತು ಎಳೆಯುವ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದು ಬೆಳಗಾವಿಯಲ್ಲಿ. ನಮ್ಮ ಊರಿನ ಕೈಕೆಲಸ ನಿನ್ನೆ ಮೊನ್ನೆಯದಲ್ಲ.

ಇಂಡಿ ನಿಂಬೆ ತೋಟ
ಆಮೇಲೆ ನಗರಸಭೆಯವರು ಜಾಗ ಬಿಡಿಸಿದ್ದಕ್ಕೆ ಕಿರ್ಲೋಸ್ಕರರು ಔಂಧ್ ಸಂಸ್ಥಾನದ ರಾಜರ ಆಶ್ರಯ ಹುಡುಕಿಕೊಂಡು ಹೋದರು, 1910ರಲ್ಲಿ ಕಿರ್ಲೋಸ್ಕರವಾಡಿ ಆಯಿತು. ಅದನ್ನೂ ಬರೆಯಿರಿ.

ಉದ್ಯಮಬಾಗ ನಿವೃತ್ತ
ಜಾಗ ಬಿಡಿಸಿದ್ದು ಲೇತಿನವರಲ್ಲ.

ಕ್ಯಾಮ್ಕೋ ಟಿಲ್ಲರ್ ಮಾಲೀಕ, ಮುಧೋಳ
ಇಷ್ಟು ಜನ ಬರೆದಿದ್ದೀರಿ, ಯಂತ್ರ ಯಾವ ಕಂಪನಿಯದು ಎಂದು ಒಬ್ಬರೂ ಕೇಳಿಲ್ಲ. ವಿಎಸ್‌ಟಿಯವರದು ಮಿತ್ಸುಬಿಷಿ ಸಹಯೋಗದಿಂದ ಬಂದದ್ದು, ಕೇರಳದ ಕ್ಯಾಮ್ಕೋದ್ದು ಕುಬೋಟಾ ಸಹಯೋಗದ್ದು. ಹೆಸರು ಹೇಳದೆ ಗೇರ್ ಕೇಳಿದರೆ ಎರಡೂ ಅಲ್ಲದ್ದು ಸಿಗುತ್ತದೆ. ನಾನು ಎಂಜಿನ್‌ಗೆ ಡೀಸೆಲ್ ಒತ್ತುವ ಪಂಪಿನ ಪ್ಲಂಜರ್ (ಒಳಗಿನ ದಂಡ) ಒಂದನ್ನೇ ಅಗ್ಗಕ್ಕೆ ತಂದು, ಅದು ಕೂರುವ ಕೊಳವೆಯಾದ ಹಳೆಯ ಬ್ಯಾರೆಲ್ಲಿಗೆ ತುರುಕಿ ₹1,100 ಕಳೆದುಕೊಂಡವನು. ಅವೆರಡನ್ನೂ ಒಂದಕ್ಕೊಂದು ಉಜ್ಜಿ ಕೂಡಿಸಿರುತ್ತಾರೆ, ಬದಲಿಸಿದರೆ ಜೋಡಿಯನ್ನೇ ಬದಲಿಸಬೇಕು. ಅಂಗಡಿಯವನಿಗೆ ಗೊತ್ತಿತ್ತು, ಹೇಳಲಿಲ್ಲ. ಎಂಜಿನ್ ಶುರುವಾಗಲೇ ಇಲ್ಲ, ನಾಲ್ಕು ದಿನ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬಲಗೈ ಭುಜ ಹಿಡಿದುಕೊಂಡಿತು. ಅದರ ಎಣ್ಣೆಗೆ, ಮಾತ್ರೆಗೆ ಖರ್ಚಾದ ₹650 ಬೇರೆ.

ಖಾನಾಪುರದ ಗದ್ದೆಯವನು
ವಿಎಸ್‌ಟಿ. ತಪ್ಪಾಯಿತು, ಮೊದಲೇ ಬರೆಯಬೇಕಿತ್ತು. ನಿನ್ನೆ ಪೆಟ್ಟಿಗೆ ಬಿಚ್ಚಿ ಸೀಲು, ಬೇರಿಂಗುಗಳ ಸಂಖ್ಯೆ ಬರೆದುಕೊಂಡು ಬೆಳಗಾವಿಗೆ ಹೋಗಿದ್ದೆ. ಅವು ₹740ರಲ್ಲಿ ಮುಗಿದವು. ಗೇರ್ ಕೊರೆಯಲು ಕೊಟ್ಟಿದ್ದೇನೆ, ಯಾವ ಉಕ್ಕು, ಹಾರ್ಡನಿಂಗ್ ಸೇರಿದೆಯೇ ಎಂದು ಎರಡು ಸಲ ಕೇಳಿ ರಸೀದಿಯಲ್ಲಿ ಬರೆಸಿಕೊಂಡೆ. ಅವರಿಗೆ ಸ್ವಲ್ಪ ಸಿಟ್ಟು ಬಂತು. ಜಮಖಂಡಿ ಅಣ್ಣಾ, ಆ ಎಡಗಡೆಯ ಎಂಟು ಬ್ಲೇಡು ಇನ್ನೂ ಇವೆಯೇ? ₹60ರಂತೆ ಕೊಡುತ್ತೀರಾ?

ಜಮಖಂಡಿ ಕಬ್ಬಿನವನು
₹95ಕ್ಕೆ ತಂದಿದ್ದೇನೆ. ₹95.

ಇಂಡಿ ನಿಂಬೆ ತೋಟ
ಎರಡು ವರ್ಷ ತುಕ್ಕು ಹಿಡಿದದ್ದಕ್ಕೂ ₹95ಏ?

ಜಮಖಂಡಿ ಕಬ್ಬಿನವನು
ಗ್ರೀಸ್ ಹಚ್ಚಿ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಗ್ರೀಸಿನ ಹಣ ಇನ್ನೂ ಹಿಡಿದಿಲ್ಲ.