ಪದಚರ್ಚೆ: ‘ಕ್ಲೀನ್’, ‘ಬೆಂಟ್ ಪ್ರೆಸ್’, ‘ಎನಿಹೌ’ – ಹಳೆಯ ಭಾರ ಎತ್ತುವವರ ಪದಗಳು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. 1890ರಿಂದ ಮೊದಲ ಮಹಾಯುದ್ಧದವರೆಗಿನ ಯುರೋಪಿನ ‘ಸ್ಟ್ರಾಂಗ್‌ಮ್ಯಾನ್’ಗಳ (ಭಾರ ಎತ್ತಿ ಬಲ ತೋರಿಸುತ್ತಿದ್ದವರ) ಬಗ್ಗೆ ಒಂದು ದೀರ್ಘ ಲೇಖನ ಕನ್ನಡಕ್ಕೆ ಬರುತ್ತಿದೆ. ಕರಡು ಓದಿದಾಗ ಕೆಲವು ಕಡೆ ಅನುಮಾನ ಬಂತು. ‘ಕ್ಲೀನ್ ಅಂಡ್ ಜರ್ಕ್’ ಎಂಬುದಕ್ಕೆ ‘ಸ್ವಚ್ಛವಾಗಿ ಎತ್ತಿ ಜಗ್ಗುವುದು’ ಎಂದಿದೆ. ‘ಬೆಂಟ್ ಪ್ರೆಸ್’ ಎಂಬುದು ‘ಬಾಗಿ ಒತ್ತುವುದು’ ಆಗಿದೆ. ‘ಟೂ ಹ್ಯಾಂಡ್ಸ್ ಎನಿಹೌ’ ಎಂಬ ಸ್ಪರ್ಧೆಯ ಹೆಸರು ‘ಹೇಗೋ ಎರಡು ಕೈ’ ಎಂದಾಗಿ ನಗು ತರಿಸುತ್ತಿದೆ. ಸ್ಟ್ರಾಂಗ್‌ಮ್ಯಾನ್‌ಗೆ ಎಲ್ಲ ಕಡೆಯೂ ‘ಪೈಲ್ವಾನ್’ ಎಂದೇ ಬಳಸಲಾಗಿದೆ. ಇನ್ನೊಂದು ಕಡೆ, ಜರ್ಮನ್ ಪತ್ರಿಕೆಯ ವರದಿಯಿಂದ ತೆಗೆದ ‘300 ಪ್ಫುಂಡ್’ ಎಂಬ ತೂಕವನ್ನು 136 ಕೆ.ಜಿ. ಎಂದು ಬದಲಿಸಲಾಗಿದೆ. ಇವು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:

‘ಸ್ವಚ್ಛ’ವನ್ನು ಮೊದಲು ಅಳಿಸಿ. ‘ಜಗ್ಗುವುದ’ನ್ನೂ ಅಳಿಸಿ. ಜರ್ಕ್‌ನಲ್ಲಿ ಜಗ್ಗುವ ಕೆಲಸವೇ ಇಲ್ಲ, ಅಲ್ಲಿರುವುದು ಮೇಲಕ್ಕೆ ನೂಕುವ ಕೆಲಸ.

‘ಕ್ಲೀನ್’ ಎಂಬುದು ಒಂದು ಜಗಳದಿಂದ ಹುಟ್ಟಿದ ಪದ. ಆ ಕಾಲದಲ್ಲಿ ಬಾರ್ಬೆಲ್ಲನ್ನು (ಎರಡೂ ತುದಿಗೆ ತೂಕವಿರುವ ಕಂಬಿಯನ್ನು) ನೆಲದಿಂದ ಹೆಗಲಿಗೆ ತರಲು ಎರಡು ಪದ್ಧತಿಗಳಿದ್ದವು. ಜರ್ಮನಿ, ಆಸ್ಟ್ರಿಯಾದವರು ಹಂತ ಹಂತವಾಗಿ ತರುತ್ತಿದ್ದರು. ಮೊದಲು ಸೊಂಟದ ಪಟ್ಟಿಯವರೆಗೆ ಎಳೆದು ಹೊಟ್ಟೆಯ ಮೇಲೆ ನಿಲ್ಲಿಸಿಕೊಂಡು, ಉಸಿರು ತೆಗೆದುಕೊಂಡು, ಹಿಡಿತ ಬದಲಿಸಿ, ಅಲ್ಲಿಂದ ಎದೆಗೆ ಉರುಳಿಸಿಕೊಳ್ಳುವುದು. ಹೊಟ್ಟೆ ದೊಡ್ಡದಿದ್ದಷ್ಟೂ ಅನುಕೂಲ! ಇದನ್ನು ಇಂಗ್ಲಿಷರು ‘ಕಾಂಟಿನೆಂಟಲ್’ (ಯುರೋಪ್ ಖಂಡದವರ ರೀತಿ) ಎಂದು ಕರೆದರು. ಮೈಗೆ ಎಲ್ಲೂ ತಾಗಿಸದೆ, ನಡುವೆ ನಿಲ್ಲಿಸದೆ, ಒಂದೇ ಎಳೆತಕ್ಕೆ ಹೆಗಲಿಗೆ ತಂದರೆ ಅದು ‘ಕ್ಲೀನ್’. ನಿಯಮ ಎಷ್ಟು ಬಿಗಿಯಾಗಿತ್ತೆಂದರೆ ಬಾರು (ಬಾರ್ಬೆಲ್ಲಿನ ಕಂಬಿ) ತೊಡೆಗೆ ಸವರಿದರೂ ತಪ್ಪು. ಅದು ಸಡಿಲವಾದದ್ದು 1960ರ ದಶಕದಲ್ಲಿ. ಹಾಗಾಗಿ ಇಲ್ಲಿ ‘ಕ್ಲೀನ್’ ಎಂದರೆ ಕೊಳೆಯಿಲ್ಲದ್ದು ಅಲ್ಲ, ‘ಆಸರೆ ಪಡೆಯದ್ದು’.

ಫ್ರೆಂಚರು ಈ ಗೊಂದಲಕ್ಕೇ ಹೋಗಲಿಲ್ಲ. ಅವರ ಹೆಸರು ‘ಎಪೋಲೆ-ಜೆತೆ’. ಎಪೋಲ್ ಎಂದರೆ ಹೆಗಲು, ಜೆತೆ ಎಂದರೆ ಎಸೆದದ್ದು. ಹೆಗಲಿಗೇರಿಸಿ ಎಸೆಯುವುದು, ಅಷ್ಟೇ. ಜರ್ಮನರು ಜರ್ಕನ್ನು ‘ಶ್ಟೋಸೆನ್’, ಅಂದರೆ ನೂಕುವುದು, ಎನ್ನುತ್ತಾರೆ. ಕನ್ನಡಕ್ಕೆ ಇಂಗ್ಲಿಷಿನ ದಾರಿಗಿಂತ ಇವರ ದಾರಿಯೇ ಹತ್ತಿರ. ಮೊದಲ ಸಲ ಬಂದಾಗ ‘ಒಂದೇ ಎಳೆತಕ್ಕೆ ಹೆಗಲಿಗೇರಿಸಿ, ಅಲ್ಲಿಂದ ಮೊಣಕಾಲು ಬಾಗಿಸಿ ಕಾಲಿನ ಬಲದಿಂದ ತಲೆಯ ಮೇಲಕ್ಕೆ ನೂಕುವುದು’ ಎಂದು ಬಿಡಿಸಿ ಹೇಳಿ. ನಂತರ ‘ಕ್ಲೀನ್ ಅಂಡ್ ಜರ್ಕ್’ ಎಂದೇ ಬಳಸಿ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ 61 ಕೆ.ಜಿ. ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ (ನೆಲದಿಂದ ಒಂದೇ ಸಲಕ್ಕೆ ತಲೆಯ ಮೇಲಕ್ಕೆ ಎತ್ತುವುದು) 118, ಕ್ಲೀನ್ ಅಂಡ್ ಜರ್ಕ್‌ನಲ್ಲಿ 151, ಒಟ್ಟು 269 ಕೆ.ಜಿ. ಎತ್ತಿ ಕಂಚು ಗೆದ್ದಾಗ ಕನ್ನಡ ಓದುಗರಿಗೆ ಈ ಹೆಸರುಗಳು ಚೆನ್ನಾಗಿಯೇ ಪರಿಚಯವಾಗಿವೆ.

‘ಬೆಂಟ್ ಪ್ರೆಸ್’ ಬಗ್ಗೆ ಸ್ವಲ್ಪ ಹೆಚ್ಚು ಎಚ್ಚರ ಬೇಕು. ಹೆಸರಿನಲ್ಲಿ ಪ್ರೆಸ್ ಇದ್ದರೂ ಅದು ಒತ್ತುವುದಲ್ಲ. ಬಲಗೈಯದಾದರೆ ಕ್ರಮ ಹೀಗೆ: ಬಾರನ್ನು ಬಲ ಹೆಗಲಿಗೆ ತಂದು, ಬಲ ಮೊಣಕೈಯನ್ನು ಪಕ್ಕೆಗೆ ಅಥವಾ ಸೊಂಟದ ಮೂಳೆಯ ಅಂಚಿಗೆ ಊರಿ ಭಾರವನ್ನು ಮೂಳೆಯ ಮೇಲೆ ಹೊರಿಸಬೇಕು. ಕಣ್ಣು ಭಾರದ ಮೇಲೆಯೇ ಇರಬೇಕು. ಆಮೇಲೆ ಮೈಯನ್ನು ಎಡಕ್ಕೆ, ತುಸು ಮುಂದಕ್ಕೆ ಬಾಗಿಸುತ್ತಾ ಎಡಗೈಯನ್ನು ಎಡ ತೊಡೆಯ ಮೇಲೆ ಜಾರಿಸಬೇಕು. ಭಾರ ಇದ್ದಲ್ಲೇ ಇರುತ್ತದೆ, ಮೈ ಅದರ ಕೆಳಗೆ ಇಳಿಯುತ್ತದೆ, ಇಳಿದಂತೆಲ್ಲ ತೋಳು ತಾನಾಗಿ ನೇರವಾಗುತ್ತದೆ. ಮೊಣಕೈ ಪೂರ್ತಿ ನೆಟ್ಟಗಾದ ಮೇಲೆ ಎದ್ದು ನಿಲ್ಲುವುದು. ಹೊಸಬರು ಕೆಡಿಸುವುದು ನಡುಘಟ್ಟದಲ್ಲಿ. ಮೈ ಇನ್ನೂ ಇಳಿಯುವ ಮೊದಲೇ ತೋಳಿನಿಂದ ನೂಕಿಬಿಡುತ್ತಾರೆ. ಮೊಣಕೈ ಪಕ್ಕೆಯ ಆಸರೆ ಬಿಟ್ಟ ತಕ್ಷಣ ಭಾರ ಮುಂದಕ್ಕೆ ಜಾರಿ ಕೈ ಮೀರುತ್ತದೆ. ಆದ್ದರಿಂದ ‘ಬಾಗಿ ಒತ್ತುವುದು’ ಎಂದರೆ ಓದುಗನಿಗೆ ತಲೆಕೆಳಗಾದ ಚಿತ್ರ ಸಿಗುತ್ತದೆ. ‘ಭಾರದ ಕೆಳಗೆ ಬಾಗಿ ತೋಳು ನೆಟ್ಟಗಾಗಿಸುವುದು’ ಎಂಬುದು ಉದ್ದವಾದರೂ ಸುಳ್ಳಲ್ಲ.

ಇದು ಬರಿಯ ಪದದ ತಕರಾರಲ್ಲ. ಲೈಪ್‌ಜಿಗ್‌ನ ಬಲಶಾಲಿ ಆರ್ಥರ್ ಸ್ಯಾಕ್ಸನ್ ಒಂದೇ ಕೈಯಲ್ಲಿ 370 ಪೌಂಡ್, ಅಂದರೆ ಸುಮಾರು 168 ಕೆ.ಜಿ. ಬೆಂಟ್ ಪ್ರೆಸ್ ಮಾಡಿದ. ‘ಒಂದು ಕೈಯಲ್ಲಿ ಒತ್ತಿದ’ ಎಂದು ಬರೆದರೆ ಜಿಮ್ಮಿಗೆ ಹೋಗುವ ಯಾವ ಹುಡುಗನೂ ನಂಬುವುದಿಲ್ಲ, ನಂಬಬಾರದು ಕೂಡ. ಹೆಗಲಿನಿಂದ ತೋಳಿನ ಬಲವೊಂದರಿಂದಲೇ ಮೇಲಕ್ಕೆತ್ತುವ ‘ಪ್ರೆಸ್’ ಬೇರೆಯದೇ. ಅದು ಒಲಿಂಪಿಕ್ಸ್‌ನಲ್ಲೂ ಇತ್ತು. ಕೊನೆಕೊನೆಗೆ ಸ್ಪರ್ಧಿಗಳು ಬೆನ್ನನ್ನು ಹಿಂದಕ್ಕೆ ಬಾಗಿಸಿ ಎತ್ತತೊಡಗಿ, ಎಷ್ಟು ಬಾಗಿದರೆ ತಪ್ಪು ಎಂದು ತೀರ್ಪುಗಾರರಿಗೇ ಹೇಳಲಾಗದೆ 1972ರ ಮ್ಯೂನಿಕ್ ನಂತರ ಅದನ್ನು ಕೈಬಿಟ್ಟರು.

‘ಟೂ ಹ್ಯಾಂಡ್ಸ್ ಎನಿಹೌ’ ಎಂದರೆ ಕೊನೆಗೆ ಎರಡೂ ಕೈಯಲ್ಲಿ ಭಾರ ತಲೆಯ ಮೇಲಿರಬೇಕು, ಅಲ್ಲಿಗೆ ಮುಟ್ಟಿಸುವ ದಾರಿ ನಿಮ್ಮಿಷ್ಟ. ಸ್ಯಾಕ್ಸನ್ 336 ಪೌಂಡಿನ ಬಾರ್ಬೆಲ್ಲನ್ನು ಬಲಗೈಯಲ್ಲಿ ಬೆಂಟ್ ಪ್ರೆಸ್ ಮಾಡಿ, ಅದನ್ನು ಮೇಲೆಯೇ ಹಿಡಿದುಕೊಂಡು ಎಡಗೈಯಿಂದ 112 ಪೌಂಡಿನ ಕೆಟಲ್‌ಬೆಲ್ಲನ್ನು (ಹಿಡಿಯಿರುವ ಕಬ್ಬಿಣದ ಗುಂಡನ್ನು) ನೆಲದಿಂದ ಎತ್ತಿ ಅದರ ಪಕ್ಕಕ್ಕೇರಿಸಿದ. ಒಟ್ಟು 448 ಪೌಂಡ್, 203 ಕೆ.ಜಿ. ‘ಎರಡು ಕೈ, ಯಾವ ರೀತಿಯಾದರೂ ಸರಿ’ ಎಂದರೆ ಸಾಕು.

ಲೇಖನದಲ್ಲಿ 1896ರ ಅಥೆನ್ಸ್ ಒಲಿಂಪಿಕ್ಸ್ ಬಂದೇ ಬರುತ್ತದೆ. ಅಲ್ಲಿದ್ದದ್ದು ಒಂಟಿಗೈ ಮತ್ತು ಎರಡು ಕೈಯ ಎರಡೇ ಸ್ಪರ್ಧೆ. ಮೈತೂಕದ ವಿಭಾಗ ಇರಲಿಲ್ಲ. ಎರಡು ಕೈಯದರಲ್ಲಿ ಡೆನ್ಮಾರ್ಕಿನ ವಿಗ್ಗೊ ಯೆನ್ಸೆನ್, ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್ ಇಬ್ಬರೂ 111.5 ಕೆ.ಜಿ. ಎತ್ತಿದರು. ಎತ್ತುವಾಗ ಎಲಿಯಟ್ ಕಾಲು ಕದಲಿಸಿದ ಎಂದು ‘ಸ್ಟೈಲ್’ ನೋಡಿ ಯೆನ್ಸೆನ್‌ನನ್ನು ಗೆಲ್ಲಿಸಿದರು. ಇಲ್ಲಿ ‘ಸ್ಟೈಲ್’ ಎಂದರೆ ‘ಶೈಲಿ’ಗಿಂತ ‘ವರಸೆ’ ಒಪ್ಪುತ್ತದೆ, ಗರಡಿಯ ಮಾತೂ ಹೌದು. ಒಂಟಿಗೈಯಲ್ಲಿ ಎಲಿಯಟ್ 71 ಕೆ.ಜಿ. ಎತ್ತಿ ಗೆದ್ದ. ಈಗಿನ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎಂಬ ಹೆಸರುಗಳನ್ನು ಅಥೆನ್ಸಿನ ವಿವರಕ್ಕೆ ತುರುಕಬೇಡಿ.

ಉತ್ತರ 2:

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಒಪ್ಪಿಗೆ. ಉಳಿದ ಎರಡು ಪ್ರಶ್ನೆಗಳಿಗೆ ಇಷ್ಟು.

‘ಪೈಲ್ವಾನ್’ ಎಂದರೆ ನಮ್ಮಲ್ಲಿ ಕುಸ್ತಿಯವನು. ಜಾರ್ಜ್ ಹ್ಯಾಕೆನ್‌ಸ್ಮಿಟ್‌ಗೆ ಅದು ಸಲ್ಲುತ್ತದೆ, ಆತ ಸೇಂಟ್ ಪೀಟರ್ಸ್‌ಬರ್ಗಿನ ಡಾಕ್ಟರ್ ಕ್ರಾಯೆವ್‌ಸ್ಕಿ ಬಳಿ ಭಾರ ಎತ್ತಿ ಪಳಗಿ, ಹೆಸರು ಮಾಡಿದ್ದು ಕುಸ್ತಿಯಲ್ಲಿ. ಯೂಜೆನ್ ಸ್ಯಾಂಡೊಗೆ ಸಲ್ಲದು. ಆತನದು ರಂಗದ ಮೇಲೆ ಟಿಕೆಟ್ ಇಟ್ಟು ಬಲ ತೋರಿಸುವ ಕಸುಬು, ‘ಬಲಪ್ರದರ್ಶಕ’ ಎನ್ನಬಹುದು. ಸಾಮಾನ್ಯ ಅರ್ಥದಲ್ಲಿ ‘ಬಲಶಾಲಿ’ ಸಾಕು. ಸ್ಯಾಂಡೊ 1904-05ರಲ್ಲಿ ಭಾರತಕ್ಕೂ ಬಂದಿದ್ದ. ತೋಳಿಲ್ಲದ ‘ಸ್ಯಾಂಡೋ ಬನಿಯನ್’ನಲ್ಲಿ ಅವನ ಹೆಸರು ಇನ್ನೂ ಅಂಗಡಿಯಲ್ಲಿ ಸಿಗುತ್ತದೆ. ಅಡಿಟಿಪ್ಪಣಿಗೆ ಒಳ್ಳೆಯ ಸರಕು.

ಅಪೊಲೊನ್ ಎಂದು ಹೆಸರಾದ ಫ್ರೆಂಚ್ ಬಲಶಾಲಿ ಲೂಯಿ ಉನಿಯ ‘ಗಾಲಿ’ಗಳು ಬಂದರೆ ‘ರೈಲುಗಾಲಿಯ ಬಾರ್ಬೆಲ್’ ಎನ್ನಿ, ತೂಕದ ಜೊತೆ ಅಚ್ಚಿನ ದಪ್ಪವನ್ನೂ ಕೊಡಿ: 166 ಕೆ.ಜಿ., ಸುಮಾರು 49 ಮಿ.ಮೀ. ಈಗಿನ ಪುರುಷರ ಸ್ಪರ್ಧೆಯ ಬಾರು 28 ಮಿ.ಮೀ., ತೂಕದ ತಟ್ಟೆ ಕೂರಿಸುವ ಅದರ ತುದಿಗಳು ತಿರುಗುತ್ತವೆ. ಅಪೊಲೊನ್‌ನದರಲ್ಲಿ ಗಾಲಿ ಅಚ್ಚಿಗೇ ಕೂಡಿಕೊಂಡಿತ್ತು. ಹೆಗಲಿಗೆ ತರುವಾಗ ಮಣಿಕಟ್ಟು ತಿರುಗಬೇಕೆಂದರೆ ಗಾಲಿ ಸಮೇತ ಇಡೀ ಅಚ್ಚು ತಿರುಗಬೇಕು. ದಪ್ಪ ಅಚ್ಚನ್ನು ಬೆರಳು ಸುತ್ತುವರಿಯುವುದೂ ಇಲ್ಲ. ತೂಕವೊಂದನ್ನೇ ಹೇಳಿದರೆ, 1930ರಲ್ಲಿ ಇನ್ನೊಬ್ಬ ಫ್ರೆಂಚ್ ಬಲಶಾಲಿ ಶಾರ್ಲ್ ರಿಗುಲೊ ಅದನ್ನು ಎತ್ತಿದ್ದು ಯಾಕೆ ಸುದ್ದಿಯಾಯಿತು ಎಂಬುದೇ ಓದುಗರಿಗೆ ತಿಳಿಯುವುದಿಲ್ಲ.

ಇನ್ನು 300 ಪ್ಫುಂಡ್. 136 ಕೆ.ಜಿ. ತಪ್ಪು. ಅದು ಇಂಗ್ಲಿಷ್ ಪೌಂಡಿನ, ಅಂದರೆ 453.6 ಗ್ರಾಮಿನ ಲೆಕ್ಕ. ಆ ಕಾಲದ ಜರ್ಮನ್ ಪ್ಫುಂಡ್ 500 ಗ್ರಾಂ, ಹಾಗಾಗಿ 150 ಕೆ.ಜಿ. ಆಗಬೇಕು. ರಷ್ಯಾದ ಭಾಗ ಇದ್ದರೆ ಅದನ್ನೂ ಒಮ್ಮೆ ನೋಡಿ. ಅಲ್ಲಿಯ ಪೌಂಡ್ 409.5 ಗ್ರಾಂ, ಅಂಥ 40 ಸೇರಿದರೆ ಒಂದು ‘ಪೂದ್’, 16.38 ಕೆ.ಜಿ. ಕೆಟಲ್‌ಬೆಲ್ಲುಗಳು 16, 24, 32 ಕೆ.ಜಿ. ಎಂಬ ವಿಚಿತ್ರ ಮೆಟ್ಟಿಲುಗಳಲ್ಲಿ ಬರುವುದು ಈ ಪೂದಿನಿಂದಲೇ: ಒಂದು, ಒಂದೂವರೆ, ಎರಡು. ಅನುವಾದದಲ್ಲಿ ಮೂಲದ ಅಳತೆಯನ್ನು ಹಾಗೇ ಇಟ್ಟು, ಕೆ.ಜಿ.ಯನ್ನು ಪಕ್ಕದಲ್ಲಿ ಕೊಡಿ. ಲಂಡನ್ನಿನ ವರದಿಗಳಲ್ಲಿ 56, 112 ಪೌಂಡ್ ಎಂಬ ಅಂಕಿ ಪದೇ ಪದೇ ಬಂದರೆ ಗಾಬರಿ ಬೇಡ. ಅವು ಅರ್ಧ ಮತ್ತು ಒಂದು ಹಂಡ್ರೆಡ್‌ವೇಟ್, ಬ್ರಿಟಿಷ್ ತೂಕದ ಕಲ್ಲುಗಳ ಮಾಮೂಲಿ ಅಳತೆ.