ಉಣ್ಣೆ, ಮಾಂಸ ಎರಡೂ ಒಂದೇ ಹಿಂಡಲ್ಲಿ ಆಗುತ್ತಾ?

ಪ್ರಶ್ನೆ: 2000 ಮೆರಿನೋ ಹೆಣ್ಣು ಕುರಿ ಇದಾವೆ, ಉಣ್ಣೆ ಚೆನ್ನಾಗೇ ಬರುತ್ತೆ ಆದ್ರೆ ಮರಿಗಳು ಮೈ ತುಂಬೋದೇ ಇಲ್ಲ. ಎಲ್ಲದಕ್ಕೂ ಸಫೋಕ್ (ಕಪ್ಪು ಮುಖದ ಮಾಂಸದ ತಳಿ) ಟಗರು ಬಿಟ್ಬಿಡ್ಲಾ?

ಉತ್ತರ 1: ಎಲ್ಲದಕ್ಕೂ ಬೇಡ ಸರ್, ಆಮೇಲೆ ಹಿಂಡಿಗೆ ಹೊಸ ಮೆರಿನೋ ಹೆಣ್ಣು ಮರಿ ಎಲ್ಲಿಂದ ತರ್ತೀರ? ಒಳ್ಳೆ ಉಣ್ಣೆ ಕೊಡೋವಕ್ಕೆ ಮೆರಿನೋ ಟಗರೇ ಇರ್ಲಿ, ವಯಸ್ಸಾದವು, ಉಣ್ಣೆ ಒರಟಾಗಿರೋವಕ್ಕೆ ಮಾತ್ರ ಸಫೋಕ್ ಬಿಡಿ, ಆ ಮರಿಗಳನ್ನ ಗಂಡು ಹೆಣ್ಣು ನೋಡದೆ ಮಾಂಸಕ್ಕೇ ಕಳಿಸಿ. ಕ್ರಾಸ್ ಮರಿಗಳ ಕಪ್ಪು ಕೂದಲು ಬಿಳಿ ಉಣ್ಣೆ ಬೇಲಲ್ಲಿ (ಒತ್ತಿ ಕಟ್ಟಿದ ಮೂಟೆ) ಸೇರಿದ್ರೆ ರೇಟ್ ಇಳಿಸ್ತಾರೆ, ಹುಷಾರು.

ಉತ್ತರ 2: ತಳಿ ಬಿಡಿ, ಗಬ್ಬದ ಕೊನೆ ಆರು ವಾರ ಮೇವು ಹೆಂಗಿದೆ? ಸುಮಾರು 150 ದಿನದ ಗಬ್ಬದಲ್ಲಿ ಮರಿ ಜಾಸ್ತಿ ಬೆಳೆಯೋದೇ ಆಗ. ಬೆನ್ನುಮೂಳೆ ಮೇಲೆ ಕೈ ಒತ್ತಿ ನೋಡಿ, ಉಣ್ಣೆ ದಪ್ಪ ಇದ್ರೆ ಕಣ್ಣಿಗೆ ದುಂಡಗೇ ಕಾಣ್ತವೆ, ಬಡಕಲಾಗಿದ್ರೆ ಕೈಗೆ ಮೂಳೆ ಚುಚ್ಚುತ್ತೆ. ನಾನೂ ಒಂದ್ವರ್ಷ ಹಿಂಗೇ ಮೋಸ ಹೋದೆ, ಆ ಸಲ ಮೇವು ಸಾಲದೆ ಉಣ್ಣೆ ಎಳೆ ಎರಡೂ ಕಡೆ ಹಿಡಿದು ಜಗ್ಗಿದ್ರೆ ಮಧ್ಯಕ್ಕೆ ಪಟ್ ಅಂತ ಕಿತ್ಕೊಳ್ತಿತ್ತು.

ಪ್ರಶ್ನೆ ಕೇಳಿದವರು: ಈಗ ಹೋಗಿ 20 ಕುರಿ ಹಿಡಿದು ನೋಡ್ದೆ, 12ರದ್ದು ಮೂಳೆ ಚೂಪಾಗಿ ಸಿಗ್ತು 😐 ಅವನ್ನ ಬೇರೆ ಮಾಡಿ ಮೇವು ಜಾಸ್ತಿ ಹಾಕ್ತೀನಿ.