ದುಡ್ಡು ಕೊಟ್ಟು ಸೆಕೆ ಕೊಂಡವರ ಪ್ರಶ್ನೆಗಳು

ಗುಂಪಿನ ನಿರ್ವಾಹಕರಿಂದ: ಈ ವಾರ ಉತ್ತರಿಸುವವರು ಮಂಗಳೂರು, ಉಡುಪಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಳಾಂಗಣ ಕಾರ್ಯಕ್ರಮಗಳ ವ್ಯವಸ್ಥೆ ನೋಡಿಕೊಂಡವರು. ಯಾವ ಸಭಾಂಗಣದ ಹೆಸರನ್ನೂ ಆಯೋಜಕರ ಹೆಸರನ್ನೂ ಎತ್ತಬಾರದೆಂಬುದು ಅವರ ಒಂದೇ ಷರತ್ತು. ಬೈಗುಳವಿದ್ದರೆ ಹೆಸರಿಲ್ಲದೆ ಬೈಯಿರಿ.

ಪ್ರಶ್ನೆ, ಬಿಜೈಯಿಂದ: ಅಣ್ಣ, ಕಳೆದ ತಿಂಗಳು ನಾವು ಮನೆಯ ನಾಲ್ವರು ತಲೆಗೆ 800 ರೂಪಾಯಿ ಕೊಟ್ಟು ಒಂದು ಸಂಗೀತ ಸಂಜೆಗೆ ಹೋಗಿದ್ದೆವು. ಎಸಿ ಇದೆ ಎಂದು ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಒಂದು ಗಂಟೆಯಲ್ಲಿ ಅಂಗಿ ಬೆನ್ನಿಗೆ ಅಂಟಿತು. ಆರಕ್ಕೆಂದದ್ದು ಏಳೂಕಾಲಿಗೆ ಶುರುವಾಯಿತು, ಅದೂ ಹಾಡಿನಿಂದಲ್ಲ, ಸನ್ಮಾನದಿಂದ. ಮುಗಿದ ಮೇಲೆ ರಸ್ತೆ ಕಾಣಲು ಮುಕ್ಕಾಲು ಗಂಟೆ. ದೂರು ಹೇಳಿದರೆ ಸಭಾಂಗಣದವರು ಆಯೋಜಕರನ್ನು ಕೇಳಿ ಎಂದರು, ಆಯೋಜಕರು ಸಭಾಂಗಣದವರನ್ನು ಕೇಳಿ ಎಂದರು. ತಪ್ಪು ಯಾರದು?

ಉತ್ತರ: ಸೆಕೆಯಿಂದ ಆರಂಭಿಸುತ್ತೇನೆ, ಅದು ಲೆಕ್ಕಕ್ಕೆ ಸಿಗುವ ವಿಷಯ. ಸುಮ್ಮನೆ ಕುಳಿತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬೀಳುತ್ತದೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. 3,000 ಜನ ಕುಳಿತರೆ 300 ಕಿಲೋವಾಟ್. ಒಂದು ಟನ್ ಎಸಿ ಎಂದರೆ ಮೂರೂವರೆ ಕಿಲೋವಾಟ್ ಶಾಖವನ್ನು ಹೊರಹಾಕುವ ಶಕ್ತಿ. ಅಲ್ಲಿಗೆ ಜನರ ಮೈಬಿಸಿಗೇ 85 ಟನ್ ಬೇಕಾಯಿತು. ವೇದಿಕೆಯ ದೀಪಗಳು, ಇಡೀ ದಿನ ಬಿಸಿಲು ಕುಡಿದ ತಗಡಿನ ಮಾಡು, ಇವೆಲ್ಲ ಅದರ ಮೇಲಿನ ಲೆಕ್ಕ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರು ಬೇರೆ ತುಂಬಿರುತ್ತದೆ. ಆ ನೀರನ್ನು ಹಿಂಡಿ ತೆಗೆಯುವುದಕ್ಕೇ ಯಂತ್ರದ ಶಕ್ತಿಯ ಒಳ್ಳೆಯ ಪಾಲು ಖರ್ಚಾಗುತ್ತದೆ.

ಯಂತ್ರ ಇರಲಿಲ್ಲವೆಂದಲ್ಲ, ಇದ್ದಿರಬೇಕು. ನಾನು ಕಂಡಂತೆ ಹಲವು ಕಡೆ ಎಸಿಗೆ ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕ ಬಾಡಿಗೆ. ಎರಡು ಗಂಟೆ ಮೊದಲೇ ಹಾಕಿ ಗೋಡೆ, ಕುರ್ಚಿ, ನೆಲ ಎಲ್ಲವನ್ನೂ ತಣಿಸಿಟ್ಟುಕೊಳ್ಳಬೇಕು. ಆಯೋಜಕರು ಆ ಎರಡು ಗಂಟೆಯ ಹಣ ಉಳಿಸಿ, ಜನ ಒಳಗೆ ಬರಲಾರಂಭಿಸಿದ ಮೇಲೆ ಗುಂಡಿ ಒತ್ತಿಸುತ್ತಾರೆ. ಒಮ್ಮೆ ಕಾದ ಸಭಾಂಗಣ ಜನ ಇರುವಾಗ ತಣಿಯುವುದಿಲ್ಲ. ಇದರ ಜೊತೆಗೆ ಊಟೋಪಚಾರದವರು ಪಕ್ಕದ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಟ್ಟು ತೆರೆದೇ ಬಿಟ್ಟಿರುತ್ತಾರೆ. ತಣ್ಣಗಿನ ಗಾಳಿ ಪಾರ್ಕಿಂಗಿಗೆ, ಹೊರಗಿನ ಸೆಕೆ ನಿಮಗೆ.

ಇನ್ನು ಹೊರಬರುವ ಮಾತು. ತಳ್ಳಾಟವಿಲ್ಲದೆ ನಡೆದರೆ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ದಾಟಬಹುದು. ಎರಡು ಮೀಟರಿನ ಎರಡು ಬಾಗಿಲು ತೆರೆದಿದ್ದರೆ 3,000 ಜನ ಹತ್ತು ನಿಮಿಷದಲ್ಲಿ ಹೊರಗೆ. ಒಂದೇ ಬಾಗಿಲಾದರೆ ಇಪ್ಪತ್ತು ನಿಮಿಷ, ಅದೂ ಹೊಸ್ತಿಲಲ್ಲಿ ನಿಂತು ಆಟೋಕ್ಕೆ ಫೋನ್ ಮಾಡುವವರು ಇಲ್ಲದಿದ್ದರೆ. ಮಿಕ್ಕ ಇಪ್ಪತ್ತೈದು ನಿಮಿಷವನ್ನು ಪಾರ್ಕಿಂಗಿನ ಒಂದೇ ಗೇಟು ತಿಂದಿರುತ್ತದೆ.

ಬಾಗಿಲು ಇಲ್ಲದೆ ಅಲ್ಲ, ಬೀಗ ಇದ್ದು ಹೀಗಾಗುತ್ತದೆ. ಟಿಕೆಟ್ ಇಲ್ಲದವರು ನುಸುಳುತ್ತಾರೆಂಬ ಭಯದಿಂದ ಆಯೋಜಕರೇ ಹಾಕಿಸುವ ಬೀಗ. ಬೇರೆಯವರ ಮಾತು ಬಿಡಿ. ಒಮ್ಮೆ ನನ್ನದೇ ಉಸ್ತುವಾರಿಯಲ್ಲಿ ಮೂರನೆಯ ಬಾಗಿಲಿನ ಬೀಗ ಎಲ್ಲರಿಗೂ ಕಾಣಲೆಂದು ನಾನೇ ಅದಕ್ಕೆ ಕೆಂಪು ರಿಬ್ಬನ್ ಕಟ್ಟಿಸಿದ್ದೆ. ಕಾರ್ಯಕ್ರಮ ಮುಗಿದಾಗ ಕೀಲಿಕೈ ಕಾವಲುಗಾರನ ಜೇಬಿನಲ್ಲಿತ್ತು, ಕಾವಲುಗಾರ ರಸ್ತೆಯಾಚೆ ಚಹಾ ಕುಡಿಯುತ್ತಿದ್ದ. ಬೀಗವೇನೋ ಚೆನ್ನಾಗಿ ಕಾಣುತ್ತಿತ್ತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಾಗ ಬಾಲ್ಕನಿಯಲ್ಲಿ ಹೆಚ್ಚುವರಿ ಆಸನ ಹಾಕಿ ಹೊರದಾರಿ ಮುಚ್ಚಿದ್ದರು. ಆ ಕಥೆ ಗೊತ್ತಿದ್ದೂ ನಾನು ರಿಬ್ಬನ್ ಕಟ್ಟಿಸಿದವನು. ಈಗ ಜನ ಒಳಗಿರುವಷ್ಟು ಹೊತ್ತೂ ಬೀಗಗಳನ್ನೇ ಕಳಚಿಸಿ ನನ್ನ ಚೀಲದಲ್ಲಿ ಹಾಕಿಕೊಳ್ಳುತ್ತೇನೆ.

ತಪ್ಪು ಯಾರದೆಂದು ಕೇಳಿದಿರಿ. ಸಭಾಂಗಣದವರು ಬಾಡಿಗೆಗೆ ಕೊಡುವುದು ಗೋಡೆ ಮತ್ತು ಮಾಡು. ಎಷ್ಟು ಬಾಗಿಲು ತೆರೆದಿರಬೇಕು, ಎಷ್ಟು ಜನ ಸ್ವಯಂಸೇವಕರು ನಿಲ್ಲಬೇಕು, ಯಂತ್ರ ಯಾವಾಗ ಹಾಕಬೇಕು, ಇದೆಲ್ಲ ನಿಮಗೆ ಟಿಕೆಟ್ ಮಾರಿದವರು ವಾರದ ಮೊದಲೇ, ಹೆಚ್ಚಾಗಿ ಹಣ ಉಳಿಸುವ ಲೆಕ್ಕದಲ್ಲಿ, ತೀರ್ಮಾನಿಸಿದ್ದು. ನಿಮ್ಮ ಹಣ ಹೋದದ್ದು ಅವರ ಕೈಗೆ. ಜಗಳವೂ ಅಲ್ಲಿಗೇ ಹೋಗಲಿ.

ಸನ್ಮಾನದ ವಿಷಯದಲ್ಲಿ ನನ್ನಲ್ಲಿ ಮದ್ದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಅಭಿನಂದನಾ ಪತ್ರ ವಾಚನ, ಫೋಟೋ: ಒಬ್ಬರಿಗೆ ಏಳು ನಿಮಿಷ. ವೇದಿಕೆಯಲ್ಲಿ ಎಷ್ಟು ಕುರ್ಚಿ ಎಂದು ಎಣಿಸಿಕೊಂಡು ಮನೆಯಿಂದ ಹೊರಡುವ ಹಾಗಿದ್ದರೆ ಚೆನ್ನಾಗಿತ್ತು.

ಪ್ರಶ್ನೆ, ಕೋಟದಿಂದ: ನಾವು ಯಕ್ಷಗಾನ ಬಯಲಾಟ ನೋಡಿ ಬೆಳೆದವರು. ಮೇ ಕೊನೆಯ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಒಳಾಂಗಣದ ಆಟವೇ ಗತಿ. ಆದರೆ ದೊಡ್ಡ ಕ್ರೀಡಾಂಗಣದಂಥ ಕಡೆ ಚೆಂಡೆ ಏರಿತೆಂದರೆ ಭಾಗವತರ ಪದವೂ ಇಲ್ಲ, ವೇಷಧಾರಿಗಳ ಮಾತೂ ಇಲ್ಲ, ಬರೀ ಗದ್ದಲ. ಗದ್ದೆಯಲ್ಲಿ ಅರ್ಧ ಮೈಲಿ ಆಚೆಗೂ ಸ್ಪಷ್ಟವಾಗಿ ಕೇಳುತ್ತಿದ್ದ ಚೆಂಡೆ ಇಲ್ಲೇಕೆ ಹೀಗೆ?

ಉತ್ತರ: ಗದ್ದೆಯಲ್ಲಿ ಸದ್ದು ಹೋದದ್ದು ಹೋಯಿತು, ಹಿಂದಿರುಗಿ ಬರುವುದಿಲ್ಲ. ಒಳಗೆ ಅದಕ್ಕೆ ಹೋಗಲು ಜಾಗವಿಲ್ಲ. ಮೇಲೆ ತಗಡು, ಸುತ್ತ ಬೋಳು ಗೋಡೆ, ಕೆಳಗೆ ಶಟಲ್ ಆಡಲು ಮಾಡಿದ ಗಟ್ಟಿ ನೆಲ. ಮಾತು ತಿಳಿಯಬೇಕಾದ ಸಭಾಂಗಣದಲ್ಲಿ ಸದ್ದು ಸುಮಾರು ಒಂದು ಸೆಕೆಂಡಿನಲ್ಲಿ ಅಡಗಬೇಕು. ಬೋಳು ಕ್ರೀಡಾಂಗಣದಲ್ಲಿ ಮೂರು ಸೆಕೆಂಡಿಗೂ ಹೆಚ್ಚು ಸುತ್ತಾಡುತ್ತದೆ. ಚೆಂಡೆಯ ಒಂದು ಪೆಟ್ಟು ಅಡಗುವ ಮೊದಲು ಅದರ ಮೇಲೆ ಇಪ್ಪತ್ತು ಪೆಟ್ಟು ಬಿದ್ದಿರುತ್ತವೆ. ಆ ರಾಶಿಯ ಅಡಿಯಲ್ಲಿ ಪದ ಸಿಕ್ಕಿಹಾಕಿಕೊಂಡಿರುತ್ತದೆ.

ಆಗ ಪ್ರೇಕ್ಷಕರು ಕೇಳುವುದಿಲ್ಲ ಎಂದು ಕೂಗುತ್ತಾರೆ. ಧ್ವನಿವರ್ಧಕದವನು ಸದ್ದು ಏರಿಸುತ್ತಾನೆ. ಗೋಡೆಗಳೂ ಅಷ್ಟೇ ಏರಿಸಿ ಹಿಂದಿರುಗಿಸುತ್ತವೆ. ಸರಿಯಾದ ದಾರಿ ತಿರುಗುಮುರುಗು: ಚೆಂಡೆಗೆ ಮೈಕೇ ಬೇಡ, ಭಾಗವತರಿಗೂ ಮಾತಾಡುವ ವೇಷಧಾರಿಗಳಿಗೂ ಮಾತ್ರ ಸಾಕು, ಹಿಂದಿನ ಗೋಡೆಗೆ ದಪ್ಪ ಪರದೆ ಇಳಿಬಿಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಸದ್ದಿಗೆ 60 ಮೀಟರ್ ದಾಟಲು ಸೆಕೆಂಡಿನ ಆರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಸಮಯ ಬೇಕು. ಹಿಂದಿನ ಸಾಲಿನವರಿಗೆಂದು ನಡುವೆ ಕಟ್ಟಿದ ಸ್ಪೀಕರ್ ಮಾತ್ರ ಆ ಕ್ಷಣವೇ ನುಡಿಯುತ್ತದೆ, ವೇದಿಕೆಯ ಸದ್ದು ಆಮೇಲೆ ಬಂದು ತಲುಪುತ್ತದೆ. ಹಿಂದೆ ಕುಳಿತವರಿಗೆ ಎಲ್ಲ ಎರಡೆರಡು ಸಲ. ನಡುವಿನ ಸ್ಪೀಕರನ್ನು ಅಷ್ಟು ಹೊತ್ತು ತಡೆದು ನುಡಿಸುವ ಸೌಕರ್ಯ ಸದ್ದು ಹೊಂದಿಸುವ ಈಗಿನ ಮಿಕ್ಸರುಗಳಲ್ಲಿ ಸಾಮಾನ್ಯ. ಕೈ ಹಾಕುವವರು ಬೇಕು.

ಜಡಿಮಳೆ ತಗಡಿನ ಮೇಲೆ ಹೊಯ್ಯತೊಡಗಿದರೆ ಇದಾವುದೂ ನಡೆಯದು. ಆ ರಾತ್ರಿ ವೇಷ ನೋಡಿ ಬನ್ನಿ.

ಪ್ರತಿಕ್ರಿಯೆ, ಕುಂದಾಪುರದ ಧ್ವನಿವರ್ಧಕ ಕೆಲಸಗಾರರಿಂದ: ಎಲ್ಲವನ್ನೂ ನಮ್ಮ ತಲೆಗೆ ಕಟ್ಟಬೇಡಿ ಮಾರಾಯರೇ. ಸಭಾಂಗಣ ಕೈಗೆ ಸಿಗುವುದು ಮಧ್ಯಾಹ್ನ ಮೂರಕ್ಕೆ, ಐದಕ್ಕೆ ಜನ ಒಳಗೆ. ಖಾಲಿ ಸಭಾಂಗಣದಲ್ಲಿ ಹೊಂದಿಸಿದ ಸದ್ದು ಜನ ತುಂಬಿದ ಮೇಲೆ ಬದಲಾಗುತ್ತದೆ. ಇನ್ನು ಮಿಕ್ಸರ್ ಇಡಬೇಕಾದ ಜಾಗ ಪ್ರೇಕ್ಷಕರ ನಡುವೆ. ಅಲ್ಲಿಟ್ಟರೆ ಗಣ್ಯರ ಸೋಫಾಗಳ ಅಂದ ಕೆಡುತ್ತದೆಂದು ನಮ್ಮನ್ನು ವೇದಿಕೆಯ ಪಕ್ಕದ ಮೂಲೆಗೆ ತಳ್ಳುತ್ತಾರೆ. ನೀವು ಕೇಳುವುದು ನಮಗೆ ಕೇಳುವುದೇ ಇಲ್ಲ.

ಉತ್ತರ: ಒಪ್ಪಿದೆ, ಕೈ ಹಾಕುವವರು ಬೇಕು ಎಂದು ಬರೆದದ್ದನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಉಳಿದವರಿಗೆ ಒಂದು ಗುಟ್ಟು: ಆಸನ ಆರಿಸಿಕೊಳ್ಳಲು ಬಿಟ್ಟರೆ ಮಿಕ್ಸರ್ ಎಲ್ಲಿದೆ ನೋಡಿ, ಅದು ಸಭೆಯ ನಡುವೆ ಇದ್ದರೆ ಅದರ ಮುಂದೆಯೇ ಕುಳಿತುಕೊಳ್ಳಿ. ಸೋಫಾಗಳ ಮೇಲೆ ಕಣ್ಣು ಹಾಕಬೇಡಿ. ಎರಡು ಬದಿಯ ಸ್ಪೀಕರುಗಳ ನಡುವೆ ಸಿಕ್ಕಿದ ಗಣ್ಯರಿಗೆ ಕೇಳುವುದು ನಿಮಗಿಂತಲೂ ಕಡಿಮೆ.

ಪ್ರಶ್ನೆ, ಮಣಿಪಾಲದಿಂದ: ಶೌಚಾಲಯದ ಸಾಲು ಹೆಂಗಸರಿಗೇ ಯಾಕೆ? ಬಿಡುವು 15 ನಿಮಿಷ, ನನ್ನ ಸರದಿ ಬಂದದ್ದು 35ನೆಯ ನಿಮಿಷಕ್ಕೆ. ಒಳಗೆ ಚೀಲ ತೂಗುಹಾಕಲು ಒಂದು ಕೊಕ್ಕೆಯೂ ಇರಲಿಲ್ಲ.

ಉತ್ತರ: ಅಕ್ಕ, ಒಬ್ಬರಿಗೆ ಒಂದೂವರೆ ನಿಮಿಷ ಹಿಡಿಯೋಣ. 15 ನಿಮಿಷದಲ್ಲಿ ಒಂದು ಕೋಣೆಗೆ ಹತ್ತು ಮಂದಿ. 600 ಹೆಂಗಸರು ಎದ್ದರೆ 60 ಕೋಣೆ ಬೇಕು. ಎಂಟೋ ಹತ್ತೋ ಇರುತ್ತವೆ, ಅವುಗಳಲ್ಲಿ ಒಂದರಲ್ಲಿ ಬಕೆಟು, ಪೊರಕೆ. ಗಂಡಸರಿಗೂ ಹೆಂಗಸರಿಗೂ ಸಮನಾದ ಜಾಗ ಕೊಟ್ಟೆವೆಂದು ನಕ್ಷೆ ಮಾಡಿದವರು ಹೆಮ್ಮೆ ಪಡುತ್ತಾರೆ, ಅದೇ ಜಾಗದಲ್ಲಿ ಗಂಡಸರ ಕಡೆ ನಿಂತು ಬಳಸುವ ಮೂತ್ರದ ತೊಟ್ಟಿಗಳು ಹೆಚ್ಚು ಹಿಡಿಸುತ್ತವೆಂಬುದು ಅವರಿಗೆ ಹೊಳೆಯುವುದಿಲ್ಲ. ನಾನು ಬಿಡುವಿನ ಹೊತ್ತಿಗೆ ಗಂಡಸರ ಒಂದು ವಿಭಾಗದ ಫಲಕ ಬದಲಿಸಿ ಹೆಂಗಸರಿಗೆ ಬಿಡಿಸುತ್ತೇನೆ. ಬೈಸಿಕೊಂಡಿದ್ದೇನೆ, ನಿಲ್ಲಿಸಿಲ್ಲ. ಕೊಕ್ಕೆಯ ಮಾತು ಇಷ್ಟು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ, ಬರೆದಿಟ್ಟುಕೊಂಡೆ.

ಪ್ರಶ್ನೆ, ಸುರತ್ಕಲ್‌ನಿಂದ: ಬಾಗಿಲಲ್ಲಿ ನಮ್ಮ ನೀರಿನ ಬಾಟಲಿ ಕಿತ್ತುಕೊಂಡರು. ಒಳಗಿನ ಅಂಗಡಿಯಲ್ಲಿ 20 ರೂಪಾಯಿ ಅಚ್ಚಾದ ಬಾಟಲಿಗೆ 50 ತೆಗೆದುಕೊಂಡರು. ಇದು ಸರಿಯೇ?

ಉತ್ತರ: ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಅಂಗಡಿಯವರು ಮಾರುವಂತಿಲ್ಲ. ಹೋಟೆಲು, ರೆಸ್ಟೋರೆಂಟುಗಳು ಕೂರಿಸಿ ಬಡಿಸುವ ಸೇವೆ ಕೊಡುತ್ತವೆಂಬ ಕಾರಣಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ಅವುಗಳಿಗೆ ವಿನಾಯಿತಿ ಕೊಟ್ಟಿತು. ಮೇಜಿನ ಹಿಂದೆ ನಿಂತು ಐಸಿನ ಡಬ್ಬಿಯಿಂದ ಬಾಟಲಿ ಎತ್ತಿಕೊಡುವವನು ನನ್ನ ಕಣ್ಣಿಗೆ ಅಂಗಡಿಯವನೇ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಬಾಟಲಿಯ ಬೆಲೆ ಕಾಣುವ ಫೋಟೋ ಮತ್ತು ಹಣ ಕೊಟ್ಟ ದಾಖಲೆ ಇರಲಿ. ಹೊರಗಿನ ತಿಂಡಿ ತಡೆಯುವ ಹಕ್ಕು ಚಿತ್ರಮಂದಿರಗಳಿಗೆ ಇದೆಯೆಂದು 2023ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿತು, ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಇಡಬೇಕೆಂದೂ ಹೇಳಿತು. ಅದು ಚಿತ್ರಮಂದಿರದ ಮಾತು ನಿಜ, ಬಾಯಾರಿಕೆ ಎಲ್ಲ ಕಡೆಯೂ ಒಂದೇ ತಾನೇ?

ಪ್ರಶ್ನೆ, ಕಾಪುವಿನಿಂದ: ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದಿದ್ದೆ. ಇಳಿಜಾರು ದಾರಿ ಇತ್ತು, ಅದರ ಮೇಲೆ ಹೂವಿನ ಕುಂಡಗಳ ಅಲಂಕಾರ.

ಉತ್ತರ: ಕುಂಡ ಸರಿಸಿ ಎಂದು ಗಟ್ಟಿಯಾಗಿ ಹೇಳಿ, ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ನಿಮ್ಮ ಬೆನ್ನಿಗಿದೆ. ಕುಂಡ ಸರಿಸಿದ ಮೇಲೂ ನೋಡಿಕೊಳ್ಳಿ: ಒಂದು ಅಡಿ ಏರಲು 12 ಅಡಿ ಉದ್ದ ಇರಬೇಕು. ಸಾಮಾನು ಸಾಗಿಸಲು ಮಾಡಿದ ಕಡಿದಾದ ದಾರಿಯನ್ನು ತೋರಿಸಿ ಇದೇ ಎನ್ನುವವರಿದ್ದಾರೆ. ಅದರಲ್ಲಿ ಅಮ್ಮನನ್ನು ತಳ್ಳಬೇಡಿ.

ಮತ್ತೆ ಬಿಜೈಯಿಂದ: ಅಣ್ಣ, ಹಾಗಾದರೆ ನಮ್ಮ 3,200 ರೂಪಾಯಿಗೆ ಏನು ಮಾಡಲಿ? ಕೋರ್ಟು ಕಚೇರಿ ಎಂದು ಅಲೆಯಲು ನನ್ನಿಂದಾಗದು.

ಉತ್ತರ: ಮೊದಲು ಆಯೋಜಕರಿಗೆ ಬರಹದಲ್ಲಿ ಕಳುಹಿಸಿ. ಕೋಪ ಬೇಡ, ಗಂಟೆಗಳನ್ನು ಬರೆಯಿರಿ: ಎಷ್ಟಕ್ಕೆ ಒಳಹೋದಿರಿ, ಎಷ್ಟಕ್ಕೆ ಆರಂಭವಾಯಿತು, ಯಾವ ಬಾಗಿಲು ಮುಚ್ಚಿತ್ತು. ಎಸಿ ಇದೆ ಎಂದ ಪೋಸ್ಟರಿನ ಚಿತ್ರ ಜೊತೆಗಿಡಿ. ಉತ್ತರ ಬಾರದಿದ್ದರೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915. ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸೆಕೆಗೆ ಎಷ್ಟು ಪರಿಹಾರ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಬರಹದಲ್ಲಿ ದೂರು ಬಂದ ಮೇಲೆ ಮುಂದಿನ ಕಾರ್ಯಕ್ರಮಕ್ಕೆ ಎರಡು ಗಂಟೆ ಮೊದಲು ಎಸಿ ಹಾಕಿಸಿದ ಆಯೋಜಕರನ್ನು ಕಂಡಿದ್ದೇನೆ. ಟಿಕೆಟ್ ಇಟ್ಟುಕೊಂಡಿದ್ದೀರಾ?

ಬಿಜೈಯಿಂದ: ನಾಲ್ಕರಲ್ಲಿ ಎರಡು ಇವೆ. ಒಂದರ ಹಿಂದೆ ಮಗಳು ಆನೆಯ ಚಿತ್ರ ಬರೆದಿದ್ದಾಳೆ.

ಉತ್ತರ: ಮುಂದೆ ಟಿಕೆಟ್ ಸಂಖ್ಯೆ ಕಾಣುತ್ತಿದ್ದರೆ ಆನೆ ಇದ್ದರೂ ಅಡ್ಡಿಯಿಲ್ಲ. ಎರಡೂ ಬದಿಯ ಫೋಟೋ ತೆಗೆದಿಡಿ.